ಘಟವಾಣಿ ಸುಮ್ಮನಿದ್ದ ದಿನ

ನಮ್ಮ ಬೀದಿಯಲ್ಲಿ ನನ್ನನ್ನು ಘಟವಾಣಿ ಎನ್ನುತ್ತಾರೆ. ಎದುರಿಗೆ ಹೇಳುವ ಧೈರ್ಯವಿಲ್ಲ, ಹಿಂದಿನಿಂದ ಹೇಳುತ್ತಾರೆ. ನನಗೇನೂ ಬೇಜಾರಿಲ್ಲ. ನನ್ನದು ಲಾಂಡ್ರಿ ಅಂಗಡಿ; ಯಂತ್ರದ ಸದ್ದಿನ ನಡುವೆ ಮಾತಾಡಿ ಮಾತಾಡಿ ಗಂಟಲು ದೊಡ್ಡದಾಗಿದೆ.

ಅಂಗಡಿಯ ಹಿಂದೆ ನನ್ನ ಬಾವಿ, ಬಾವಿಯ ಹಿಂದೆ ಬೀದಿಯವರೆಲ್ಲರ ಕೆರೆ. ಕೆರೆ ತುಂಬಿದರೆ ಬಾವಿ ತುಂಬುತ್ತದೆ, ಬಾವಿ ತುಂಬಿದರೆ ನನ್ನ ಒಲೆ ಉರಿಯುತ್ತದೆ. ಆಸ್ಪತ್ರೆಯ ಬಿಳಿ ಹಾಸುಗಳನ್ನು ಒಗೆಯುವುದೇ ನನ್ನ ಮುಖ್ಯ ಕೆಲಸ. ಬಿಳಿ ಬಟ್ಟೆಗೆ ತಿಳಿ ನೀರೇ ಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಬೀದಿಯ ಸಂಘದ ಅಧ್ಯಕ್ಷರು ನನ್ನ ಭಾವ, ಅಕ್ಕನ ಗಂಡ. ಅವರ ಪೇಂಟ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮೀಟಿಂಗ್. ಭಾವ ವಿಷಯ ಓದುತ್ತಾರೆ, ಕನ್ನಡಕದ ಮೇಲಿಂದ ನೋಡಿ, "ಬೇಡ ಅನ್ನೋರು ಇದ್ರೆ ಹೇಳಿ" ಎನ್ನುತ್ತಾರೆ. ಯಾರೂ ಹೇಳದಿದ್ದರೆ ಒಪ್ಪಿಗೆ. ಹೇಳುವವಳು ಸಾಮಾನ್ಯವಾಗಿ ನಾನೇ. ನಾನು ಬಾಯಿ ಬಿಟ್ಟ ಮೇಲೆ ಉಳಿದವರು ನಿಧಾನವಾಗಿ ತಲೆ ಆಡಿಸುತ್ತಾರೆ. ಇಷ್ಟು ವರ್ಷ ಬೀದಿ ನಡೆದದ್ದು ಹೀಗೆಯೇ.

ಈ ಸಲ ಬಂದದ್ದು ಕೆರೆಯ ವಿಷಯ. ಬೀದಿಯ ತುದಿಯಲ್ಲಿ ದೊಡ್ಡ ಕಟ್ಟಡ ಏಳುತ್ತಿದೆ. ಅದರ ಪಾಯದಿಂದ ಅಗೆದ ಮಣ್ಣನ್ನೆಲ್ಲ ಕೆರೆಗೆ ಸುರಿದು, ಮೇಲೆ ವಾಹನ ನಿಲ್ಲಿಸುವ ಜಾಗ ಮಾಡಿಕೊಡುತ್ತೇನೆ ಎಂದು ಕಂಟ್ರಾಕ್ಟರ್ ಕೇಳಿದ್ದ. ಮೀಟಿಂಗ್ ದಿನ ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಇಸ್ತ್ರಿ ಮೇಜಿನ ಮೂಲೆಯನ್ನು ಉಗುರಿನಿಂದ ಕೆರೆಯುತ್ತ ನಿಂತಳು.

"ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಳ್ಳೇ. ನೀನು ಮೀಟಿಂಗಲ್ಲಿ ಜಗಳ ಆಡ್ತೀಯ, ಇವರು ಮನೆಗೆ ಬಂದು ಮುಖ ಊದಿಸ್ಕೊಂಡು ಕೂತಿರ್ತಾರೆ. ಮಧ್ಯೆ ನಾನು ಸಾಯ್ಬೇಕು."

"ಕೆರೆ ವಿಷಯ ಅಕ್ಕ!"

"ಕೆರೆ ನಿನ್ನೊಬ್ಬಳದಾ? ಬೇರೆಯವರಿಗೆ ಬಾಯಿಲ್ವಾ?"

ಅದೂ ನಿಜವೇ ಅನ್ನಿಸಿತು. ನಲ್ಲಿ ಕೈಕೊಟ್ಟಾಗ ಎಲ್ಲರೂ ತಮ್ಮ ತಮ್ಮ ಬಾವಿಗೇ ಹೋಗುವುದು. ಆ ಬಾವಿಗಳಿಗೂ ಕೆರೆಯದೇ ನೀರು; ಅದನ್ನು ಮುಚ್ಚಲು ಯಾರು ಒಪ್ಪುತ್ತಾರೆ? ಆಗಲಿ ಎಂದು ಮಾತು ಕೊಟ್ಟೆ.

ಸಂಜೆ ಭಾವ ವಿಷಯ ಓದಿದರು. "ಬೇಡ ಅನ್ನೋರು ಇದ್ರೆ ಹೇಳಿ" ಎಂದರು. ಟೈಲರ್ ನನ್ನತ್ತ ತಿರುಗಿದ. ಬೇಕರಿಯವರು ತಿರುಗಿದರು. ಕ್ಷೌರದಂಗಡಿಯವನು ಆರಾಮವಾಗಿ ಕಾಲು ಚಾಚಿ, ಈಗ ಮಜಾ ಶುರು ಎಂಬಂತೆ ನನ್ನನ್ನೇ ನೋಡಿದ. ನಾನು ತುಟಿ ಪಿಟಿಕ್ಕೆನ್ನಲಿಲ್ಲ. ನಾಲಿಗೆ ತುರಿಸುತ್ತಿತ್ತು. ಯಾರಾದರೂ ಹೇಳಿರೋ ಎಂದು ಒಳಗೊಳಗೇ ಒದ್ದಾಡಿದೆ. ಟೈಲರ್ ಕೆಮ್ಮಿದ, ಅಷ್ಟೆ. ಭಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಕೊನೆಗೆ, "ಸರ್ವಾನುಮತ" ಎಂದು ಗೊಣಗಿದರು.

ಮೆಟ್ಟಿಲ ಮೇಲೆ ಎಲ್ಲರೂ ನನ್ನ ಮೇಲೆ ಮುಗಿಬಿದ್ದರು.

"ಏನಮ್ಮಾ, ಗಂಟಲು ಕಟ್ಟಿತ್ತಾ?" ಎಂದ ಟೈಲರ್. "ನೀವಿದೀರಲ್ಲ ಅಂತ ನಾನು ಸುಮ್ಮನಿದ್ದೆ."

"ನಾನೂ ಅಷ್ಟೆ" ಎಂದರು ಬೇಕರಿಯವರು, ನಾನೇನೋ ಮೋಸ ಮಾಡಿದೆ ಎಂಬ ಧಾಟಿಯಲ್ಲಿ.

ಕೊನೆಗೆ ಬಾಗಿಲಿಗೆ ಬೀಗ ಹಾಕಿ ಭಾವ ಇಳಿದು ಬಂದರು. "ಆ ಕಂಟ್ರಾಕ್ಟರ್ ಪ್ರಾಣ ತಿಂತಿದ್ದ. ಮೀಟಿಂಗಲ್ಲಿ ಇಡ್ತೀನಿ ಅಂದೆ. ಹೇಗೂ ನೀನು ಬೇಡ ಅಂತೀಯ, ನನ್ನ ತಲೆನೋವು ಹೋಗುತ್ತೆ ಅಂತ ತಾನೇ ಇಟ್ಟಿದ್ದು!"

"ನಿಮಗೆ ಬಾಯಿರ್ಲಿಲ್ವಾ ಭಾವ?"

"ಅಧ್ಯಕ್ಷನಾಗಿ ನಾನೇ ಹೇಗೆ ಹೇಳ್ಲಿ?"

ನನ್ನ ಮೈಯೆಲ್ಲ ಉರಿದುಹೋಯಿತು. ನಾಳೆ ಸಂಜೆ ಇನ್ನೊಮ್ಮೆ ಮೀಟಿಂಗ್ ಕರೆಯಿರಿ ಎಂದು ಅಲ್ಲೇ ಹಟ ಹಿಡಿದೆ. ಕರೆದರು. ಆದರೆ ಮಣ್ಣಿನ ಲಾರಿ ಸಂಜೆಯವರೆಗೆ ಕಾಯುತ್ತದೆಯೇ?

ಬೆಳಿಗ್ಗೆ ಹಲ್ಲಿನ ನಡುವೆ ಕ್ಲಿಪ್ಪು ಕಚ್ಚಿಕೊಂಡು ಹಾಸು ಹರವುತ್ತಿದ್ದೆ. ಹಿಂದೆ ದಡದಡ ಸದ್ದು. ತಿರುಗುವಷ್ಟರಲ್ಲಿ ಒಂದು ಲಾರಿ ಕೆಂಪು ಮಣ್ಣು ನನ್ನ ಬಾವಿಯ ಪಕ್ಕದ ದಡದಿಂದ ನೀರಿಗೆ ಜಾರಿತ್ತು. ಕ್ಲಿಪ್ಪು ಉಗಿದು ಓಡಿದೆ. ಎರಡನೆಯ ಲಾರಿಗೆ ಅಡ್ಡ ನಿಂತೆ.

"ಎಲ್ಲರೂ ಒಪ್ಪಿದಾರೆ ಅಂದ್ರಲ್ಲಮ್ಮ" ಎಂದ ಚಾಲಕ.

"ಸಂಜೆ ಕೇಳು, ಒಪ್ಪಿದಾರೋ ಇಲ್ವೋ ಗೊತ್ತಾಗುತ್ತೆ."

"ಬಿಡಬೇಡಿ, ನಾವು ನಿಮ್ಮ ಹಿಂದೆ ಇದೀವಿ!" ಎಂದು ಟೈಲರ್ ಕೂಗಿದ. ಹಿಂದೆ ಎಂದರೆ ಅವನ ಅಂಗಡಿಯ ಬಾಗಿಲ ಹಿಂದೆ. ಚಾಲಕ ತಲೆ ಕೆರೆದುಕೊಂಡು ಲಾರಿ ತಿರುಗಿಸಿದ.

ಮಧ್ಯಾಹ್ನದ ಹೊತ್ತಿಗೆ ಬಾವಿಯ ನೀರು ಕದಡಿತ್ತು. ಜಾಲಾಡಿದ ಹಾಸುಗಳ ಮೇಲೆ ಕೆಂಪು ಛಾಯೆ. ಆಸ್ಪತ್ರೆಯವರು ಗಂಟನ್ನು ಬಿಚ್ಚಿ ನೋಡಿ, ಹಾಗೇ ಕಟ್ಟಿ ವಾಪಸು ಕಳಿಸಿದರು. ಹೊಸ ಗಂಟು ಕೊಡಲಿಲ್ಲ. ನನಗೆ ಅಳು ಬಂತು. ಅಳು ಬಂದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ಸಂಜೆ ಕಂಟ್ರಾಕ್ಟರನೂ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಎಂದೂ ಮೀಟಿಂಗಿಗೆ ಬಾರದ ಅಕ್ಕ ಕೊನೆಯ ಸಾಲಿನಲ್ಲಿದ್ದಳು. ಭಾವ ಕೇಳಿ ಮುಗಿಸುವ ಮೊದಲೇ ನಾನು ಎದ್ದೆ.

"ಬೇಡ. ಕೆರೆ ಮುಚ್ಚಬಾರದು."

ಕಂಟ್ರಾಕ್ಟರ್ ನಕ್ಕ. "ಇವರು ಬೇಡ ಅನ್ನದೇ ಇರೋ ವಿಷಯ ಯಾವುದಿದೆ ಸ್ವಾಮಿ? ದೀಪದ ಕಂಬ ಬೇಡ ಅಂದ್ರು, ಬೆಂಚು ಬೇಡ ಅಂದ್ರು. ಬೇರೆ ಯಾರಾದ್ರೂ ಇದ್ರೆ ಹೇಳಿ."

ಸುಳ್ಳಲ್ಲ. ಎರಡೂ ಬೇಡ ಎಂದಿದ್ದೆ. ಬೀದಿಯ 'ಬೇಡ'ಗಳನ್ನೆಲ್ಲ ನಾನೊಬ್ಬಳೇ ಖರ್ಚು ಮಾಡಿ ಕೂತಿದ್ದೆ, ಈಗ ನನ್ನ ಮಾತಿಗೆ ಕಿಮ್ಮತ್ತಿಲ್ಲ. ಟೈಲರನನ್ನು ನೋಡಿದೆ, ಅವನು ಫ್ಯಾನು ನೋಡಿದ. ಬೇಕರಿಯವರು ಉಂಗುರ ತಿರುಗಿಸಿದರು. ಕ್ಷೌರದಂಗಡಿಯವನ ಕಾಲು ಇಂದು ಕುರ್ಚಿಯ ಕೆಳಗಿತ್ತು. ಸೆರಗಿನ ತುದಿಯಲ್ಲಿದ್ದ ಕ್ಲಿಪ್ಪನ್ನು ತೆರೆದೆ, ಮುಚ್ಚಿದೆ, ತೆರೆದೆ. ಆ ಟಕ್ ಟಕ್ ಒಂದೇ ಸದ್ದು.

"ನಂಗೆ ಬೇಡ."

ಯಾರೆಂದು ಗೊತ್ತಾಗಲಿಲ್ಲ, ಅಷ್ಟು ಸಣ್ಣ ದನಿ.

"ಯಾರದು?" ಎಂದರು ಭಾವ.

ಅಕ್ಕ ಎದ್ದು ನಿಂತಿದ್ದಳು. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಗಂಡನ ಎದುರು ಅವಳು ದನಿಯೆತ್ತಿದ್ದನ್ನು ಅವರ ಮದುವೆಯಾದಾಗಿನಿಂದ ನಾನು ಕೇಳಿರಲಿಲ್ಲ.

"ನಾನು ರೀ. ಕೆರೆ ಮುಚ್ಚೋದು ನಂಗೆ ಬೇಡ. ನಿಮಗೂ ಬೇಡ. ರಾತ್ರಿಯೆಲ್ಲ ಹೊರಳಾಡಿದ್ರಲ್ಲ, ಹೇಳಿ ಇವರಿಗೆ."

ಭಾವ ಕನ್ನಡಕ ತೆಗೆದರು. ಈ ಸಲ ಒರೆಸಲಿಲ್ಲ. "ಹೌದು, ನನಗೂ ಬೇಡ" ಎಂದರು. ಆಮೇಲೆ ಟೈಲರ್ ಎದ್ದ, ಬೇಕರಿಯವರು ಎದ್ದರು. ಕಂಟ್ರಾಕ್ಟರ್ ಚಪ್ಪಲಿ ಹುಡುಕಿದ.

ಕೆರೆ ಉಳಿಯಿತು. ಸುರಿದ ಮಣ್ಣು ಮಾತ್ರ ಅಲ್ಲೇ ಇದೆ. ಬಾವಿ ಇನ್ನೂ ತಿಳಿಯಾಗಿಲ್ಲ, ಆಸ್ಪತ್ರೆಯ ಗಂಟು ಬಂದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕೊಡ ಇಳಿಸಿ, ನೀರನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡುತ್ತೇನೆ. ನಿನ್ನೆ ಅಕ್ಕನೂ ಪಕ್ಕದಲ್ಲಿ ನಿಂತು ನೋಡಿದಳು.

"ಆ ಮಣ್ಣು ತೆಗೆಸಿ ಅಂತ ಮೀಟಿಂಗಲ್ಲಿ ಕೇಳೇ" ಎಂದಳು.

"ನೀನು ಕೇಳು. ನಿನ್ನ ಮಾತಿಗಾದ್ರೆ ಇನ್ನೂ ಬೆಲೆಯಿದೆ."

ಅಕ್ಕ ಬಟ್ಟೆಯ ಮೇಲಿನ ಕೆಂಪನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದಳು.