ಅಕ್ಕನ ಗುಂಡಿಗೆಗೆ ತಂಗಿಯ ಕಾಲು

ಎಲ್ಲರೂ ರೇಡಿಯೋ ಎಂದೇ ಕರೆಯುವ ಅರವತ್ತೆಂಟರ ಆಕೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ದನಿಗಳನ್ನೆಲ್ಲ ಕಿವಿಗೆ ತುಂಬಿಕೊಂಡವಳು. ಬೀದಿಯಲ್ಲಿ ಯಾರು ಕೆಮ್ಮಿದರೂ ಮೂರನೆಯ ಮಹಡಿಯ ತನ್ನ ಕಿಟಕಿಯಲ್ಲಿ ನಿಂತು ಥೇಟ್ ಅವರ ಹಾಗೇ ಕೆಮ್ಮುವಳು. ಕಟ್ಟಡಕ್ಕೆ ಲಿಫ್ಟಿಲ್ಲ. ಮೆಟ್ಟಿಲು ಹತ್ತಿ ಬಂದಾಗ ಮಾತ್ರ ರೇಡಿಯೋದಲ್ಲಿ ಬರೀ ಗೊರಗೊರ.

"ನಿನ್ನ ಹೃದಯ ಮೆಟ್ಟಿಲು ತಡೆಯುತ್ತೆ ಅಂತ ಆಸ್ಪತ್ರೆಯವರು ಹೇಳಿದ್ರೆ ಸರಿ. ಇಲ್ದಿದ್ರೆ ನಮ್ಮನೆ ಹಿಂದಿನ ಕೋಣೆಗೆ ಬರ್ತೀಯ, ಅಷ್ಟೇ," ಎಂದು ಮಗಳು ಕಡ್ಡಿ ಮುರಿದಂತೆ ಹೇಳಿದ್ದಳು. ಆ ಕೋಣೆಯ ಕಿಟಕಿ ತೆರೆದರೆ ಕಾಣುವುದು ಗೋಡೆ. ಗೋಡೆಯನ್ನು ಅಣಕಿಸುವುದು ಹೇಗೆ?

ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆದಿತ್ತು. ವಯಸ್ಸಾದ ಹೆಂಗಸರು ಆರು ತಿಂಗಳು ಸೈಕಲ್ ಯಂತ್ರ ತುಳಿಯಬೇಕು. ಒಂದೇ ವ್ಯಾಯಾಮಕ್ಕೆ ಒಬ್ಬೊಬ್ಬರ ಹೃದಯ ಒಂದೊಂದು ಥರ ಯಾಕೆ ಆಡುತ್ತದೆ, ಅದರಲ್ಲಿ ವಂಶವಾಹಿಯ ಕೈವಾಡ ಎಷ್ಟು ಎಂದು ಅವರು ನೋಡುವರು. ರೇಡಿಯೋ ಒಂದು ದಿನವೂ ತಪ್ಪಿಸದೆ ತುಳಿದಳು. ತುಳಿಯುವಾಗಿನ ನಾಡಿ ಪಕ್ಕದವರದು ವಾರವಾರಕ್ಕೂ ಇಳಿಯಿತು. ಇವಳದು ಮಹಾ ಹಠಮಾರಿ: ನೂರಮೂವತ್ತು ಅಂದರೆ ನೂರಮೂವತ್ತೇ.

ಮೆಟ್ಟಿಲ ತೀರ್ಪು ಕೊಡುವ ಕೊನೆಯ ಪರೀಕ್ಷೆಗೆ ಎರಡು ದಿನವಿರುವಾಗ ತಂಗಿಯನ್ನು ಕರೆಸಿಕೊಂಡಳು. ತಂಗಿ ಅಂಚೆ ಹಂಚಿ ನಿವೃತ್ತಳಾದವಳು. ಚೀಲ ಹೊತ್ತು ಊರೆಲ್ಲ ಅಳೆದ ಕಾಲು. ಮುಖ ಅಕ್ಕನದೇ ಅಚ್ಚು.

"ನನ್ನ ಬದಲು ನೀನು ಹೋಗಿ ತುಳಿದು ಬಾರೇ."

"ಹೋಗ್ತೀನಿ ಬಿಡಕ್ಕ."

"ನನ್ನ ಹಾಗೆ ಮಾತಾಡೋಕೆ ಕಲಿಸ್ಲಾ?"

"ಅದೇನು ಕಲಿಯೋದು! ಯಾರೇನು ಕೇಳಿದ್ರೂ ಅವರ ದನಿಯಲ್ಲೇ ತಿರುಗಿಸಿ ಕೇಳೋದು. ಆಮೇಲೆ, 'ಅಯ್ಯೋ, ನಿಮಗೇನ್ ಗೊತ್ತು!' ಅನ್ನೋದು."

ಊರನ್ನೆಲ್ಲ ಅಣಕಿಸಿದವಳಿಗೆ ಅಣಕಿಸಿಕೊಂಡು ಅಭ್ಯಾಸವಿರಲಿಲ್ಲ. ಕಹಿ ಗುಳಿಗೆಯಂತೆ ನುಂಗಿಕೊಂಡಳು.

ತಂಗಿ ಹೋದಳು, ತುಳಿದಳು, ರಕ್ತ ಕೊಟ್ಟಳು, ಬಂದಳು. ಮೂರು ವಾರ ಕಳೆದು ಡಾಕ್ಟರಮ್ಮ ರೇಡಿಯೋಳನ್ನು ಕರೆಸಿದಳು, ಜೊತೆಗೆ ಮಗಳನ್ನೂ.

"ಅಮ್ಮಾ, ನಿಮ್ಮ ಹೃದಯಕ್ಕೆ ಇಪ್ಪತ್ತು ವರ್ಷ ಕಮ್ಮಿಯಾಗಿದೆ."

ರೇಡಿಯೋ ಮಗಳತ್ತ ನೋಡಿ ಹುಬ್ಬು ಹಾರಿಸಿದಳು.

"ಅದನ್ನಾದ್ರೂ ನಂಬ್ತಿದ್ದೆ," ಎಂದಳು ಡಾಕ್ಟರಮ್ಮ. "ಆದರೆ ಟ್ಯೂಬು ಅದಲುಬದಲಾಗಿಲ್ಲ ಅಂತ ಖಾತ್ರಿಗೆ ಕೊನೇಲೂ ವಂಶವಾಹಿ ನೋಡ್ತೀವಿ. ಈ ರಕ್ತದಲ್ಲಿ ಅರ್ಧ ನಿಮ್ಮದೇ, ಅರ್ಧ ನಿಮ್ಮದಲ್ಲ. ಸೈಕಲ್ ತುಳಿದ್ರೆ ನಾಡಿ ಬದಲಾಗುತ್ತಮ್ಮ, ಹುಟ್ಟು ಬದಲಾಗುತ್ತಾ? ಯಾರನ್ನ ಕಳಿಸಿದ್ರಿ?"

"ತಂಗೀನ," ಎಂದಳು ರೇಡಿಯೋ. ಬಹಳ ವರ್ಷಗಳ ಮೇಲೆ ಅವಳ ಸ್ವಂತ ದನಿ ಹೊರಬಿದ್ದಿತ್ತು.

"ಅಮ್ಮಾ!" ಎಂದು ಮಗಳು ಹಣೆ ಹಿಡಿದುಕೊಂಡಳು.

"ಅವತ್ತು ನರ್ಸುಗಳೆಲ್ಲ ನಕ್ಕಿದ್ದೇ ನಕ್ಕಿದ್ದು," ಎಂದಳು ಡಾಕ್ಟರಮ್ಮ. "ರೇಡಿಯೋ ಅಮ್ಮ ಇವತ್ತು ಭಾರಿ ರಂಗಾಗಿದ್ದಾರೆ ಅಂತ."

"ನನಗಿಂತಲೂನಾ?" ಸಿಕ್ಕಿಬಿದ್ದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಡಾಕ್ಟರಮ್ಮ ಸೈಕಲ್ ತೋರಿಸಿದಳು. ರೇಡಿಯೋ ಗಲ್ಲಿಗೆ ಏರುವವಳಂತೆ ಏರಿದಳು. ಎದೆಗೆ ತಂತಿ, ತೋಳಿಗೆ ಪಟ್ಟಿ. ಇನ್ನಾಗದು ಎನ್ನುವವರೆಗೆ ತುಳಿದು, ಹಿಂದಿನ ಕೋಣೆಯ ಗೋಡೆಯನ್ನೇ ಕಣ್ಣೆದುರು ತಂದುಕೊಂಡು ಮತ್ತೂ ತುಳಿದಳು.

"ನಾಡಿ ಇಳಿದಿಲ್ಲ," ಎಂದಳು ಡಾಕ್ಟರಮ್ಮ. "ಕೆಲವರದು ಇಳಿಯೋದೇ ಇಲ್ಲ. ಯಾಕೆ ಅಂತ ತಿಳ್ಕೊಳ್ಳೋಕೆ ನಿಮ್ಮಂಥೋರೇ ನಮಗೆ ಬೇಕು, ನೀವು ನೋಡಿದ್ರೆ ನಿಮ್ಮನ್ನೇ ಬಚ್ಚಿಟ್ರಿ. ಆದರೆ ಮೊದಲ ದಿನ ಆರು ನಿಮಿಷಕ್ಕೆ ಕೈಚೆಲ್ಲಿದ್ರಿ, ಇವತ್ತು ಹತ್ತು. ಬಿಪಿನೂ ಆಗಿನ ಹಾಗೆ ಹಾರಿಲ್ಲ. ಮೆಟ್ಟಿಲು ಹತ್ತಿ, ಮಹಡಿಗೊಂದ್ಸಲ ಕೂತು."

ಆರು ತಿಂಗಳೂ ನಾಡಿಯೊಂದನ್ನೇ ನೋಡುತ್ತ ಕೂತಿದ್ದ ರೇಡಿಯೋ ಆರರಿಂದ ಹತ್ತರವರೆಗೆ ಬೆರಳು ಮಡಚಿ ಎಣಿಸಿದಳು.

"ಮಹಡಿಗೊಂದು ಕುರ್ಚಿ ಹಾಕಿಸ್ತೀನಿ," ಎಂದಳು ಮಗಳು. "ಕೂರದೆ ಹತ್ತಿದ್ದು ಗೊತ್ತಾದ್ರೆ ನೋಡು ಮತ್ತೆ."

"ಎರಡನೇ ಮಹಡೀದು ಎಡಗಡೆ ಬಾಗಿಲಿಗೆ ಒತ್ತಿ ಹಾಕ್ಸೇ." ರೇಡಿಯೋ ಬೆವರು ಒರೆಸಿಕೊಂಡಳು. "ಆ ಗಂಡ ಹೆಂಡ್ತಿ ಜಗಳ ನಮ್ಮ ಮಹಡೀವರೆಗೂ ಸರಿಯಾಗಿ ಕೇಳಿಸ್ತಾನೇ ಇರಲಿಲ್ಲ."