ಎರಡನೆಯ ಕೀಲಿ

ಕಾರ್ಖಾನೆಯ ಮೇಲ್ವಿಚಾರಕ ಪೆನ್ನಿನ ಮುಚ್ಚಳ ತೆಗೆದು ಅವಳ ಬೆರಳುಗಳ ನಡುವೆ ತಾನೇ ಸಿಕ್ಕಿಸಿದ. "ಇಲ್ಲಿ, ಈ ಗೆರೆ ಮೇಲೆ ಅಕ್ಕ. ನಾಲ್ಕಕ್ಷರ, ಅಷ್ಟೇ."

ಮೂರು ಹೆಜ್ಜೆಯಾಚೆ, ಮನೆಯ ನಡುವೆ ಜೋಡಿಸಿದ ಬೆಂಚುಗಳ ಮೇಲೆ ಅವಳ ಗಂಡನ ಶವದ ಪೆಟ್ಟಿಗೆ ಇತ್ತು. ಮುಚ್ಚಳಕ್ಕೆ ಆಸ್ಪತ್ರೆಯವರೇ ಮೊಳೆ ಹೊಡೆದು ಕಳಿಸಿದ್ದರು. ಹೆಂಚಿನ ಕಾರ್ಖಾನೆಯ ಮಣ್ಣು ಕಲಸುವ ಯಂತ್ರ ಉಳಿಸಿದ್ದನ್ನು ಯಾರಿಗೂ ತೋರಿಸುವಂತಿರಲಿಲ್ಲ.

"ಏನು ಬರ್ದಿದೆ ಇದ್ರಲ್ಲಿ?"

"ಆಗಿದ್ದೇ. ಯಂತ್ರದೊಳಗೆ ಇಳಿಯೋ ಮುಂಚೆ ಮೇನ್ ಸ್ವಿಚ್ಚಿಗೆ ಬೀಗ ಹಾಕೋದು ಮರೆತ್ರು ಅಂತ. ಮನುಷ್ಯ ಅಂದ್ಮೇಲೆ ಮರೆವು ಇದ್ದದ್ದೇ."

"ಬೀಗಪ್ಪ ಬೀಗ ಮರೆತ್ನಾ?" ಗೋಡೆಗೊರಗಿದ್ದ ಭಟ್ಟಿಯ ಕೆಲಸದವನು ಕೆಮ್ಮಿದಂತೆ ನಕ್ಕ. "ಅವ್ನು ಊಟದ ಡಬ್ಬಿಗೂ ಬೀಗ ಜಡೀತಾನೆ ಅಂತ ನಾವು ಆಡ್ಕೋತಿದ್ವಿ ಸಾರ್."

ಇಪ್ಪತ್ತೆರಡು ವರ್ಷಗಳಿಂದ ಅವಳ ಗಂಡನದು ಒಂದೇ ಕ್ರಮ. ಅಲಗುಗಳಿಗೆ ಅಂಟಿ ಗಟ್ಟಿಯಾದ ಮಣ್ಣು ಕೆರೆಯಲು ಇಳಿಯುವ ಮೊದಲು ಅವನು ಸ್ವಿಚ್ಚಿಗೆ ತನ್ನ ಸ್ವಂತ ಬೀಗ ಹಾಕಿ, ಮೂರು ಸಲ ಜಗ್ಗಿ, ಕೀಲಿಯನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಆಮೇಲೆ ಯಾರು ಎಷ್ಟೇ ತಲೆ ಚಚ್ಚಿಕೊಂಡರೂ ಅವನು ಮೇಲೆ ಬರುವವರೆಗೆ ಯಂತ್ರ ತಿರುಗುತ್ತಿರಲಿಲ್ಲ.

ಸ್ವಿಚ್ಚಿನ ಬಳಿ ನಿಲ್ಲುವವನು ಮುಂದೆ ಬಂದ. "ಬೀಗ ಇತ್ತು ಅತ್ತಿಗೆ. ಲಾರಿ ಕಾಯ್ತಿದೆ, ಅವ್ನು ಮೇಲೆ ಬಂದಾಯ್ತು ಅಂತ ಈ ಸಾಹೇಬ್ರು ತಮ್ಮ ಜೇಬಿನ ಕೀಲಿಯಿಂದ ತೆಗೆದ್ರು. ಒತ್ತು ಅಂದ್ರು. ಒತ್ತಿದೋನು ನಾನು." ಹೆಬ್ಬೆರಳನ್ನು ಅವನು ಮುಷ್ಟಿಯೊಳಗೆ ಅಡಗಿಸಿಕೊಂಡಿದ್ದ.

ಮೇಲ್ವಿಚಾರಕನ ಮಾತಿನ ಬೆಣ್ಣೆ ಕರಗಲಿಲ್ಲ. "ಅವ್ರ ಬೀಗದ ಕೀಲಿ ನನ್ನ ಹತ್ರ ಎಲ್ಲಿಂದ ಬರುತ್ತಪ್ಪಾ? ಯಾರು ಕೊಟ್ಟಿರ್ತಾರೆ?"

ಹಾಗೆನ್ನುತ್ತ ಅವಳತ್ತ ನೋಡಿದ. ಇವಳು ಬಾಯಿ ಬಿಡಲಾರಳು ಎಂಬ ಧೈರ್ಯ ಆ ನೋಟದಲ್ಲಿತ್ತು.

*

ಆರು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ಇದೇ ಮನುಷ್ಯ ಇದೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ವಿನಯದಿಂದ ನಿಂತಿದ್ದ.

"ಬೀಗಕ್ಕೆ ಎರಡು ಕೀಲಿ ಇರುತ್ತಲ್ಲ ಅಕ್ಕ. ಒಂದು ಆಫೀಸಲ್ಲಿದ್ರೆ ಒಳ್ಳೇದು. ನಾಳೆ ಅವ್ರದ್ದು ಕಳೆದ್ಹೋದ್ರೆ ಬೈಸ್ಕೊಳ್ಳೋರು ಅವ್ರೇ."

ಆ ಎರಡನೆಯ ಕೀಲಿಯನ್ನು ಉಪ್ಪಿನ ಡಬ್ಬಿಯ ಹಿಂದೆ ಇಡುವಾಗ ಗಂಡ "ಇದು ಮನೇಲೇ ಇರ್ಲಿ" ಎಂದಿದ್ದನೇ ಹೊರತು ಯಾಕೆಂದು ಹೇಳಿರಲಿಲ್ಲ. ಕೆಲಸದ ಭಯವನ್ನು ಅವನು ಎಂದೂ ಹೊಸ್ತಿಲು ದಾಟಿಸಿದವನಲ್ಲ. ಅವನ ಮೇಲೆ ಮಾತು ಬರಬಾರದೆಂದು ಅವಳು ಕೊಟ್ಟಳು. ಕೊಟ್ಟದ್ದನ್ನು ಹೇಳಬೇಕೆಂದುಕೊಂಡು ಮರೆತಳು.

*

"ಸಹಿ ಹಾಕ್ಬಿಡಿ ಅತ್ತಿಗೆ," ಮೈದುನ ಪಿಸುಗುಟ್ಟಿದ. "ಹೋದೋನು ಹೋದ. ಹೊತ್ತಾಗ್ತಿದೆ."

ಅವಳ ಸಿಟ್ಟಿನ ಬೆಂಕಿಗೆ ಮೂರು ನಾಲಿಗೆಗಳಿದ್ದವು: ಒಂದು ಎದುರಿಗೆ ನಿಂತವನ ಮೇಲೆ, ಒಂದು ಏನನ್ನೂ ಹೇಳದೆ ಹೋದ ಗಂಡನ ಮೇಲೆ, ಒಂದು ತನ್ನದೇ ಬಲಗೈಯ ಮೇಲೆ.

"ಕೊಟ್ಟಿದ್ದು ನಾನು."

ಅವಳು ಪೆಟ್ಟಿಗೆಯ ಬಳಿ ಕೂತಿದ್ದ ಅತ್ತೆಯತ್ತ ತಿರುಗಿದಳು.

"ಅಕ್ಕ ಅಕ್ಕ ಅಂತ ಮನೆಗೆ ಬಂದು ಕೇಳಿದ್ರು. ಈ ಕೈಯಾರೆ ಕೊಟ್ಟೆ. ಅತ್ತೆ, ನನ್ನ ಬೈಯೋದಿದ್ರೆ ಆಮೇಲೆ ಬೈಯಿರಿ, ಜೀವಮಾನ ಇದೆ. ಈಗ ಇಷ್ಟು ಕೇಳಿಸ್ಕೊಳ್ಳಿ. ನಿಮ್ಮ ಮಗ ಬೀಗ ಹಾಕೇ ಇಳಿದಿದ್ರು."



ಅವಳು ಕಾಗದವನ್ನು ಮಗುಚಿ, ಪೆನ್ನಿನೊಂದಿಗೆ ಸ್ವಿಚ್ಚಿನವನ ಮುಂದಿಟ್ಟಳು. "ಬರಿಯಪ್ಪ. ನೀನು ಕಂಡಿದ್ದು, ನಾನು ಕೊಟ್ಟಿದ್ದು. ಎರಡೂ."

"ಸಾಕ್ಷಿಗೆ ನನ್ನ ಹೆಸರೂ ಸೇರ್ಸು," ಎಂದ ಭಟ್ಟಿಯವನು.

"ಅಕ್ಕ, ಸ್ವಲ್ಪ ಯೋಚ್ನೆ ಮಾಡಿ..."

"ಅಕ್ಕ ಅನ್ಬೇಡ."

ಬರೆದು ಮುಗಿದ ಮೇಲೆ ಅವಳು ಸಹಿ ಹಾಕಿದಳು. ಪೆಟ್ಟಿಗೆ ಎತ್ತುವ ಹೊತ್ತಿಗೆ, ಹತ್ತು ಜನರೆದುರು ಮುಖ ಉಳಿಸಿಕೊಳ್ಳಲೆಂಬಂತೆ ಮೇಲ್ವಿಚಾರಕ ಎಲ್ಲರಿಗಿಂತ ಮೊದಲು ಒಂದು ಮೂಲೆಗೆ ಕೈ ಹಾಕಿದ. ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಮರದಿಂದ ಬಿಡಿಸಿ, ಆ ಮೂಲೆಗೆ ತಾನೇ ಹೆಗಲು ಕೊಟ್ಟಳು. ಉಳಿದ ಮೂವರಿಗಿಂತ ಅವಳು ಗೇಣು ಗಿಡ್ಡ. ಎತ್ತುತ್ತಲೇ ಪೆಟ್ಟಿಗೆ ಅವಳತ್ತ ವಾಲಿತು. ಒಳಗಿದ್ದದ್ದು ಸರ್ರನೆ ಅವಳ ಕಡೆಗೆ ಜಾರಿದ ಸದ್ದು ಎಲ್ಲರಿಗೂ ಕೇಳಿಸಿತು.