ಕೇಳಿಸಿದ ಕೂಡಲೆ ಒತ್ತಿ

ದೀಪ ಬೆಳಗಲಿಲ್ಲ, ಸದ್ದು ಐದು ಏರಿಸಿದಳು, ಈಗಲೂ ಇಲ್ಲ, ಆದರೆ ದಪ್ಪ ಗಾಜಿನ ಆಚೆ, ಗೋಡೆಗೆಲ್ಲ ಸ್ಪಂಜು ಮೆತ್ತಿದ ಆ ಪುಟ್ಟ ಕೋಣೆಯೊಳಗೆ, ಅಜ್ಜನ ಹುಬ್ಬು ಒಂದಿಷ್ಟು ಮೇಲೇರಿತು – ಕೇಳಿಸಿದೆ, ಹುಬ್ಬಿಗೆ ಕೇಳಿಸಿದೆ, ಹೆಬ್ಬೆರಳಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ, ಗುಂಡಿಯ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ನಿಂತುಬಿಟ್ಟಿದೆ, ಇಳಿಯಲೊಲ್ಲದು. ಅದು ಇಳಿದರೆ ಅವಳ ಮೇಜಿನ ಯಂತ್ರದಲ್ಲಿ ಹಸಿರು ದೀಪ ಬೆಳಗಬೇಕು, ಕಿವಿ ಪರೀಕ್ಷೆ ಎಂದರೆ ಇಷ್ಟೇ, ಸದ್ದು ಕಳಿಸುವುದು, ದೀಪಕ್ಕೆ ಕಾಯುವುದು, ಬೆಳಗಿದರೆ ಹತ್ತು ಇಳಿಸುವುದು, ಬೆಳಗದಿದ್ದರೆ ಐದು ಏರಿಸುವುದು, ಒಬ್ಬ ಮನುಷ್ಯನಿಗೆ ಕೇಳಿಸುವ ಕಡೆಯ ಪಿಸುದನಿ ಯಾವುದೆಂದು ಹುಡುಕಿ ನಕ್ಷೆಯಲ್ಲಿ ಅಲ್ಲೊಂದು ಚುಕ್ಕೆ ಇಡುವುದು, ಓದುವ ಕಾಲದಲ್ಲಿ ಅದೆಷ್ಟು ಸೊಗಸಾಗಿ ಕಂಡಿತ್ತು, ಕೇಳುವುದಕ್ಕೂ ಕೇಳದಿರುವುದಕ್ಕೂ ನಡುವೆ ಗೆರೆ ಎಳೆಯುವ ಕೆಲಸ, ಈಗ ಬೆಳಗಾದರೆ ಬಿಳಿ ಕೋಟಿನ ತೋಳಿಗೆ ಕೈ ತೂರಿಸುವುದೇ ಒಂದು ದಿನದ ದುಡಿಮೆಯಷ್ಟು ದಣಿವು, ಬಾಚಣಿಗೆ ಭಾರ, ಚಮಚ ಭಾರ, ಯಾವಾಗಿನಿಂದ, ಗೊತ್ತಿಲ್ಲ, ಎಲ್ಲ ರೋಗಿಗಳೂ ಹೇಳುವುದು ಅದನ್ನೇ, ಈಚೆಗೆ ಮೇಡಂ, ಈಚೆಗಷ್ಟೇ, ಜೊತೆಗೆ ಬಂದವರು ಹಣೆ ಚಚ್ಚಿಕೊಳ್ಳುತ್ತಾರೆ, ಪಕ್ಕದ ಸ್ಟೂಲಿನಲ್ಲಿ ಕೂತ ಈ ಅಜ್ಜಿ ಈಗ ಚಚ್ಚಿಕೊಳ್ಳುತ್ತಿರುವ ಹಾಗೆ – ಈಚೆಗಂತೆ ಈಚೆಗೆ, ಕಿರುಚಿ ಕಿರುಚಿ ನನ್ನ ಗಂಟಲು ಹೋಯ್ತು ಕಣಮ್ಮಾ, ಪಕ್ಕದ ಮನೆಯೋರು ನಾವು ದಿನಾ ಜಗಳ ಆಡ್ತೀವಿ ಅಂದ್ಕೊಂಡಿದ್ದಾರೆ, ನಾನು ಕಾಫಿ ಬೇಕಾ ಅಂತ ಕೇಳ್ತಿರ್ತೀನಿ ಅಷ್ಟೇ. ನಗಬೇಕಾದ ಜಾಗ, ಅದು ಇನ್ನೂ ಗುರುತು ಸಿಗುತ್ತದೆ, ತುಟಿ ಹಿಗ್ಗಿಸಿದಳು, ಅಜ್ಜಿಗೆ ಅಷ್ಟೇ ಸಾಕಾಯಿತು, ಯಾರಿಗಾದರೂ ಅಷ್ಟು ಸಾಕಾಗುತ್ತದೆ.

ಭಾರದ ಬಾಗಿಲು ಎಳೆದು ಒಳಗೆ ತಲೆ ಹಾಕಿ ಕೂಗಿದಳು, ಅಜ್ಜಾ, ಕೇಳಿಸಿದ ಕೂಡಲೆ ಒತ್ತಿ ಅಂದಿದ್ದೆ ಅಲ್ವಾ, ಖಾತ್ರಿ ಆಗ್ಲಿ ಅಂತ ಕಾಯ್ತಿದ್ದೆ ಕಣಮ್ಮಾ, ಖಾತ್ರಿ ಬೇಡ ಅಜ್ಜಾ, ಅದು ಹೇಗೆ ಬೇಡ, ಜೀವಮಾನವೆಲ್ಲ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೋನು ನಾನು, ಅನುಮಾನದ ಮೇಲೆ ಸೀಟಿ ಊದೋಕಾಗುತ್ತಾ, ಬಸ್ಸು ಹೊರಟೇಬಿಡುತ್ತೆ, ಹತ್ತೋರ ಒಂದು ಕಾಲು ಇನ್ನೂ ನೆಲದ ಮೇಲೇ ಇರುತ್ತೆ – ಇಲ್ಲಿ ಯಾವ ಬಸ್ಸೂ ಹೊರಡಲ್ಲ ಅಜ್ಜಾ, ಕೇಳಿಸ್ತೋ ಇಲ್ವೋ ಅಂತ ಅನ್ನಿಸಿದ್ರೂ ಒತ್ತಿ, ತಪ್ಪಾದ್ರೆ ಏನೂ ಆಗಲ್ಲ, ಅದನ್ನ ತೂಗಿ ನೋಡೋದು ನನ್ನ ಕೆಲಸ, ನಿಮ್ಮದಲ್ಲ. ದಿನಕ್ಕೆಷ್ಟು ಸಲ ಹೇಳುವ ಮಾತೋ, ಬಾಯಿ ತಾನಾಗಿ ಹೇಳುತ್ತದೆ. ಮತ್ತೆ ಕುರ್ಚಿ, ಮತ್ತೆ ಯಂತ್ರದ ಗುಬಟು ತಿರುಗಿಸುವುದು, ಬೆನ್ನ ಹಿಂದೆ ಬೀರು, ಅದರ ಗಾಜಿನಲ್ಲಿ ಅವಳ ಕೈ ಆಡುವುದನ್ನು ನೋಡಿ ಸುಮ್ಮನೆ ಗುಂಡಿ ಒತ್ತುವ ಜಾಣರೂ ಬರುತ್ತಾರೆ, ಅದಕ್ಕೇ ಕಾಗದ ಅಂಟಿಸಿದ್ದಳು, ಒಂದು ಮೂಲೆ ಸುರುಳಿ ಬಿಟ್ಟಿದೆ, ಅಂಟಿಸಬೇಕು, ನಾಳೆ, ಎಲ್ಲವೂ ನಾಳೆ, ಮಗಳು ಪುಟ್ಟಿಯ ಅಂಗಿಗೆ ಗುಂಡಿ ಹಾಕುವುದೂ ನಾಳೆ, ನಿನ್ನೆ ರಾತ್ರಿಯೂ ಅಮ್ಮಾ, ಅಮ್ಮಾ, ಅಮ್ಮಾ, ಮೂರನೆಯದಕ್ಕೆ ತಿರುಗಿದ್ದಳು, ಪುಟ್ಟಿ ಅಪ್ಪನಿಗೆ ಚಾಡಿ ಹೇಳಿತು, ಅಪ್ಪಾ, ಅಮ್ಮನಿಗೆ ಕಿವಿ ಕೇಳಲ್ಲ, ಅಮ್ಮನೇ ಕಿವಿ ಡಾಕ್ಟ್ರು! ಅವನು ಬಿದ್ದು ಬಿದ್ದು ನಕ್ಕ, ಆಮೇಲೆ ಪಾತ್ರೆ ತೊಳೆಯುತ್ತ, ತಿರುಗದೆಯೇ, ಸುಸ್ತಾ, ಅಂದ, ಹೂಂ ಸುಸ್ತು, ಎರಡು ದಿನ ರಜೆ ಹಾಕು ಮಾರಾಯ್ತಿ, ಒಳ್ಳೆಯವನು, ಒಳ್ಳೆಯವನಾದದ್ದೇ ಕಷ್ಟ, ಹೊಡೆಯುವ ಗಂಡ, ಕುಡಿಯುವ ಗಂಡ ಆಗಿದ್ದರೆ ಹೇಳಿಕೊಳ್ಳಲು ಒಂದು ಕಾರಣವಿರುತ್ತಿತ್ತು, ಅಕ್ಕನೂ ಫೋನಿನಲ್ಲಿ ಅದನ್ನೇ ಅಂದಳಲ್ಲ, ನಿಂಗೇನೇ ಕಮ್ಮಿ, ಕೆಲಸ ಇದೆ, ಮುತ್ತಿನಂಥ ಮಗು ಇದೆ, ಎಲ್ರಿಗೂ ಇರೋದೇ ಕಣೇ ಇದು. ಎಲ್ಲರಿಗೂ ಇರುವುದೇ. ಹಾಗಾದರೆ ಎಲ್ಲರೂ ಹೇಗೆ ಬಾಚಣಿಗೆ ಎತ್ತುತ್ತಾರೆ – ಬೆಳಗಿತು ದೀಪ, ಅಜ್ಜ ಒತ್ತಿದರು, ಇಳಿಸು, ಮತ್ತೆ ಒತ್ತಿದರು, ಇಳಿಸು, ಚುಕ್ಕೆ ಮೇಲೆ, ಒಳ್ಳೆಯ ಕಿವಿಯ ಕಡೆಗೆ, ಸರಿಯಿತು, ಇಷ್ಟು ಹೊತ್ತು ಕಿವಿ ತೀರಾ ಕೆಟ್ಟಿದೆ ಎಂದು ಕಂಡದ್ದು ಕಿವಿಯ ದೋಷ ಅರ್ಧ, ಬೆರಳಿನ ದೋಷ ಅರ್ಧ. ಹೊರಗೆ ಬಂದು ಚಪ್ಪಲಿ ಹುಡುಕುತ್ತ ಅಜ್ಜ ಕೇಳಿದರು, ತೀರಾ ತಡ ಮಾಡಿದ್ನಾ? ಸ್ವಲ್ಪ ಬೇಗ ಬರಬೇಕಿತ್ತು ಅಜ್ಜಾ, ಕಾದಷ್ಟೂ ಮಿದುಳಿಗೆ ಮಾತು ಮರೆತುಹೋಗುತ್ತೆ. ಬರೋವಷ್ಟು ದೊಡ್ಡದು ಅನ್ನಿಸ್ಲಿಲ್ಲಮ್ಮಾ. ಅಜ್ಜಿ ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು, ನಿಮಗೆ ಯಾವುದು ದೊಡ್ಡದು ಅನ್ನಿಸಿದೆ ಹೇಳಿ!

ಅವರು ಹೋದ ಮೇಲೆ ಊಟದ ಹೊತ್ತು, ಡಬ್ಬಿ ಮೇಜಿನ ಮೇಲೇ ಉಳಿಯಿತು, ಅವಳು ಪರೀಕ್ಷೆಯ ಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡಳು, ದೀಪ ಹಾಕಲಿಲ್ಲ, ಇತ್ತೀಚೆಗೆ ಊಟದ ಹೊತ್ತೆಂದರೆ ಇದೇ, ಅಜ್ಜನ ಮೈಯ ಬಿಸಿ ಇನ್ನೂ ಇರುವ ಕುರ್ಚಿ, ಇಲ್ಲಿ ಅತ್ತರೆ ಆಸ್ಪತ್ರೆಗೆ ಕೇಳಿಸುವುದಿಲ್ಲ, ಆಸ್ಪತ್ರೆಯೂ ಇಲ್ಲಿಗೆ ಕೇಳಿಸುವುದಿಲ್ಲ, ಒಳಗಿನ ರಕ್ತ ಹರಿಯುವುದೊಂದೇ ಸೊಂಯ್ ಎನ್ನುತ್ತದೆ, ಮೊದಲೆಲ್ಲ ಅಳು ಬರುತ್ತಿತ್ತು, ಈಗ ಅದೂ ಇಲ್ಲ, ಸುಮ್ಮನೆ ಕೂರುವುದು. ದಪ್ಪ ಗಾಜಿನ ಆಚೆ ಈಗ ತನ್ನ ಖಾಲಿ ಕುರ್ಚಿ, ಬೀರು, ತೆರೆದ ಬಾಗಿಲು, ಬಾಗಿಲಿನಾಚೆ ಮೊಗಸಾಲೆಯ ಒಂದು ತುಂಡು, ಅದರ ತುದಿಯಲ್ಲಿ, ಇಲ್ಲಿಂದ ಕಾಣದ ಕೊನೆಯ ಬಾಗಿಲು, ಮನಸ್ಸಿನ ಡಾಕ್ಟರದು, ವಾರಕ್ಕೊಮ್ಮೆ ಬರುತ್ತಾರೆ, ಊಟದ ಹೊತ್ತಿಗೆ ಹೊರಟುಬಿಡುತ್ತಾರೆ, ಇವತ್ತು ಬಂದಿದ್ದಾರೆ. ಹೋದ ಸಲ ಅಲ್ಲಿಯ ತನಕ ನಡೆದಿದ್ದಳು, ಚೀಟಿ ಬರೆಯುವವಳು, ಸುದ್ದಿ ಹಬ್ಬಿಸುವುದಕ್ಕೆ ಎಲ್ಲರೂ ರೇಡಿಯೋ ಎಂದು ಕರೆಯುವವಳು, ತನ್ನ ಮೇಜಿನಿಂದಲೇ, ಯಾರಿಗೆ ಮೇಡಂ, ಅಂದಳು, ಇಲ್ಲ ಇಲ್ಲ, ಒಂದು ಫೈಲು ಕೊಡೋದಿತ್ತು, ಹುಷಾರು ಮೇಡಂ, ಒಳಗೆ ಹೋದ್ರೆ ನಿಮ್ಮನ್ನೂ ಕೂರಿಸ್ಕೊಂಡುಬಿಟ್ಟಾರು, ಇಬ್ಬರೂ ನಕ್ಕರು, ತಾನೇ ಹೆಚ್ಚು ಜೋರಾಗಿ ನಕ್ಕಳು. ಬೆಂಚಿನ ಮೇಲೆ ಕೂತಿದ್ದ ಹೆಂಗಸು ತನ್ನ ಮುಂಗೈಯನ್ನು ರಕ್ತ ಬರುವಂತೆ ಕೆರೆದುಕೊಳ್ಳುತ್ತಿದ್ದಳು – ಅದು ಕಾಯಿಲೆ, ಅಂಥವರಿಗೆ ಡಾಕ್ಟರು, ತನ್ನದೇನು, ತನ್ನದು ಸೋಮಾರಿತನ, ಕೊಬ್ಬು, ಇನ್ನಷ್ಟು ಆಗಲಿ, ನೋಡೋಣ, ಖಾತ್ರಿ ಆಗಲಿ – ಯಾರ ಮಾತು ಇದು, ಸೀಟಿ ಹಿಡಿದವರ ಮಾತು. ಹುಬ್ಬಿಗೆ ಗೊತ್ತಾಗಿದೆ. ಹುಬ್ಬಿಗೆ ಯಾವತ್ತೋ ಗೊತ್ತಾಗಿದೆ, ಒಂದು ದಿನ ರಸ್ತೆ ದಾಟುವಾಗ ಲಾರಿ ಅವಳ ಪಕ್ಕದಲ್ಲೇ ಗಕ್ಕನೆ ನಿಂತು, ಚಾಲಕ ಕಿಟಕಿಯಿಂದ ಅರ್ಧ ಹೊರಗೆ ಬಂದು, ಏನಮ್ಮಾ, ಕಿವಿ ಕೇಳಲ್ವಾ, ಹಾರ್ನ್ ಹೊಡೆದೂ ಹೊಡೆದೂ ಸಾಕಾಯ್ತು, ಸಾಯೋಕೆ ನನ್ನ ಗಾಡಿನೇ ಬೇಕಿತ್ತಾ, ಸುತ್ತಲಿನವರು ಪಾಪ ಅಂದರು, ಕಿವುಡಿ ಇರಬೇಕು ಅಂದರು, ಅವಳು ತಲೆಯಾಡಿಸಿದಳು, ಹೌದೆನ್ನುವಂತೆ. ಕೇಳಿಸಿತ್ತು. ಮೊದಲನೆಯ ಹಾರ್ನೇ ಕೇಳಿಸಿತ್ತು, ಎರಡನೆಯದೂ, ಅದು ಹತ್ತಿರವಾಗುವುದೂ, ತಿರುಗಬೇಕು ಅನ್ನಿಸಲಿಲ್ಲ, ಬಂದರೆ ಬರಲಿ ಅನ್ನಿಸಿತು, ಹೆದರಿಕೆಯೂ ಆಗಲಿಲ್ಲ, ಹಾಗೆ ಅನ್ನಿಸಿದ್ದು ಜೋರಾಗಿ ಅಲ್ಲ, ಸಣ್ಣಗೆ, ಬಹಳ ಸಣ್ಣಗೆ, ಅದಕ್ಕೇ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಮನೆಗೆ ಹೋಗಿ ಪುಟ್ಟಿಯ ತಲೆ ಬಾಚಿದಳು.

ಮೊಗಸಾಲೆಯ ತುಂಡಿನಲ್ಲಿ ಏನೋ ಅಲುಗಿತು, ಚರ್ಮದ ಚೀಲ, ಬೂದು ಅಂಗಿ, ಡಾಕ್ಟರು ಹೊರಟಿದ್ದಾರೆ, ಹೋಗುವಾಗ ಪ್ರತಿ ಸಲವೂ ಇಣುಕುತ್ತಾರೆ, ಊಟ ಆಯ್ತಾ ಮೇಡಂ, ಆಯ್ತು ಸರ್, ಅಷ್ಟೇ, ಈಗಲೂ ಬಾಗಿಲಲ್ಲಿ ನಿಂತಿದ್ದಾರೆ, ಖಾಲಿ ಕುರ್ಚಿ ನೋಡುತ್ತಿದ್ದಾರೆ, ಮುಚ್ಚಿದ ಡಬ್ಬಿ ನೋಡುತ್ತಿದ್ದಾರೆ, ಕತ್ತಲಲ್ಲಿ ಕೂತವಳು ಅಲ್ಲಿಂದ ಕಾಣುವುದಿಲ್ಲ, ಕೂಗಿದರೂ ಕೇಳಿಸುವುದಿಲ್ಲ, ಏಳಬೇಕು, ಬಾಗಿಲು ಭಾರ, ಕಾಲು ಭಾರ, ಎದ್ದು ಹೋಗಿ ಏನು ಹೇಳುವುದು, ಏನಾಗಿದೆ ಎಂದು ಕೇಳಿದರೆ, ಖಾತ್ರಿ ಇಲ್ಲ ಸರ್, ಖಾತ್ರಿ ಬೇಡ ಅಜ್ಜಾ, ತಪ್ಪಾದ್ರೆ ಏನೂ ಆಗಲ್ಲ, ತೂಗಿ ನೋಡೋದು ನಿಮ್ಮ ಕೆಲಸ ಅಲ್ಲ – ಕೈಯಲ್ಲಿ ಅಜ್ಜ ಬಿಟ್ಟುಹೋದ ಗುಂಡಿ, ಯಾವಾಗ ಎತ್ತಿಕೊಂಡಳೋ, ಹೆಬ್ಬೆರಳು ಅದರ ಮೇಲೆ, ಕೂದಲೆಳೆಯಷ್ಟು ಮೇಲೆ, ಅವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು, ಹೊರಡಲು ತಿರುಗುತ್ತಿದ್ದಾರೆ, ಹೆಬ್ಬೆರಳು ಇಳಿಯಿತು, ಬೀರುವಿನ ಗಾಜಿನಲ್ಲಿ, ಕಾಗದದ ಮೂಲೆ ಸುರುಳಿ ಬಿಟ್ಟ ಕಡೆ, ಯಂತ್ರದ ಹಸಿರು, ಬೆಳಗಿದೆ, ಕುರ್ಚಿಯಲ್ಲಿ ಯಾರೂ ಇಲ್ಲ, ಅವಳು ಬೆರಳು ಎತ್ತಲಿಲ್ಲ, ಎತ್ತುವುದಿಲ್ಲ, ಹಸಿರು, ಯಾರೂ ಇಲ್ಲದ ಕುರ್ಚಿಯ ಮುಂದೆ ಆ ದೀಪ, ಬೆಳಗಿಯೇ ಇದೆ